ಸೂರ್ಯನ ತಲೆಗೆ ಕಟ್ಟಿದ ಬರ

ಬರವೆಂಬ ಮಾತು ಬಂದಾಗಲೆಲ್ಲ ನಮ್ಮಜ್ಜಿ ಧಾತು ಸಂವತ್ಸರವನ್ನು ನೆನೆಯದೆ ಬಿಡುತ್ತಿರಲಿಲ್ಲ. ಆಕೆ ಅದನ್ನು ಕಂಡವಳಲ್ಲ. ತನ್ನ ಅಜ್ಜಿಯ ಬಾಯಿಂದ ಕೇಳಿದವಳು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಅಳಿದರು. ಇಂಥ ಘೋರಕ್ಕೆ ಕಾರಣರಾರು? ಅಂದಿನ ಕೆಲವು ಪಂಡಿತರು ಬೆರಳು ತೋರಿದ್ದು ಸೂರ್ಯನ ಕಡೆಗೆ!

ಸೂರ್ಯಬಿಂಬದ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುತ್ತವೆ. ಈ ಏರಿಳಿತವನ್ನು ಜರ್ಮನಿಯ ಶ್ವಾಬೆ 1843ರಲ್ಲಿಯೇ ಲೋಕಕ್ಕೆ ತಿಳಿಸಿದ್ದನು. ಮದರಾಸಿನ ಮಳೆಯ ಲೆಕ್ಕವನ್ನು ಅದರೊಡನೆ ಹೋಲಿಸಿ, ಕಲೆಗಳು ಕ್ಷೀಣಿಸಿದಾಗ ಮಳೆಯೂ ಕ್ಷೀಣಿಸುವುದೆಂದು 1877ರಲ್ಲಿ ಲಾಕ್‌ಯರ್, ಹಂಟರ್ ಎಂಬಿಬ್ಬರು ಬರೆದರು. ಹಂಟರನು ಸರಕಾರದ ಅಧಿಕಾರಿ. ಅವನ ಉದ್ದೇಶವನ್ನು ನಾನು ಶಂಕಿಸಲಾರೆ. ಆದರೆ ಸೂರ್ಯನೇ ಅಪರಾಧಿಯಾದರೆ ಆಳುವವರಿಗೆ ಅದೆಷ್ಟು ನಿರಾಳ! ಜನ ಸಾಯುತ್ತಿದ್ದಾಗಲೂ ಈ ದೇಶದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದಿತು.

ಆ ಊಹೆಯಿಂದ ಒಂದು ಒಳಿತೂ ಆಯಿತೆನ್ನಬೇಕು. ಸೂರ್ಯನನ್ನು ನಿತ್ಯ ನೋಡತಕ್ಕ ವೀಕ್ಷಣಾಲಯ ಬೇಕೆಂಬ ವಾದಕ್ಕೆ ಬಲ ಬಂದು, 1899ರಲ್ಲಿ ಕೊಡೈಕಾನಲ್ ಬೆಟ್ಟದ ಮೇಲೆ ಅದು ಸ್ಥಾಪಿತವಾಯಿತು. ಊಹೆ ಮಾತ್ರ ಉಳಿಯಲಿಲ್ಲ. 1904ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರನು ಕಲೆಗೂ ಮಳೆಗೂ ಇರುವ ನಂಟನ್ನು ಒರೆಗೆ ಹಚ್ಚಿ, ಮುಂಗಾರನ್ನು ಮುಂಗಾಣಲು ಅದು ಸಾಲದೆಂದು ಕಂಡನು. ಶಾಂತಸಾಗರದ ವಾಯುಭಾರಕ್ಕೂ ಹಿಂದೂ ಮಹಾಸಾಗರದ ವಾಯುಭಾರಕ್ಕೂ ಇರುವ ತಕ್ಕಡಿಯ ಸಂಬಂಧವನ್ನು ಗುರುತಿಸಿದವನೂ ಅವನೇ. ಶಾಂತಸಾಗರ ಬಿಸಿಯೇರುವ ‘ಎಲ್ ನಿನೊ’ ಅತ್ಯಂತ ಪ್ರಬಲವಾಗಿದ್ದ ಕಾಲಗಳಲ್ಲಿ 1877 ಒಂದೆಂಬುದು ಈಗ ತಿಳಿದಿದೆ.

ಹಾಗೆಂದು ಸೂರ್ಯನು ನಿರ್ವಿಕಾರನಲ್ಲ. 1645ರಿಂದ 1715ರವರೆಗೆ ಕಲೆಗಳು ಬಹುಮಟ್ಟಿಗೆ ಮಾಯವಾಗಿದ್ದವು. ಯೂರೋಪಿನಲ್ಲಿ ಚಳಿ ಅಂದು ಕಠಿನವಾಗಿತ್ತು. ಅದರಲ್ಲಿ ಅಗ್ನಿಪರ್ವತಗಳ ಪಾಲೂ ಉಂಟು. ಆದರೆ ಒಂದು ಆವರ್ತದಲ್ಲಿ ಸೂರ್ಯತೇಜದ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು ಮಾತ್ರವೆಂದು 1978ರಿಂದ ಉಪಗ್ರಹಗಳು ಅಳೆದಿವೆ.

ಭೂಮಿ ಬಿಸಿಯೇರುತ್ತಿರುವುದಕ್ಕೂ ಸೂರ್ಯನೇ ಹೊಣೆಯೆನ್ನುವವರು ಈಗ ಇದ್ದಾರೆ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೇ ಒಬ್ಬರಿದ್ದಾರೆ. ಕಳೆದ ನಾಲ್ಕು ದಶಕಗಳಲ್ಲಿ ಸೂರ್ಯತೇಜ ಹೆಚ್ಚಿಲ್ಲ. ಭೂಮಿಯ ಉಷ್ಣ ಏರಿದೆ. ಅಷ್ಟೇ ಅಲ್ಲ, ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಮೇಲಣ ಸ್ತರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗಿದೆ! ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿ ನಾವು ಹೊದಿಸಿದ ಇಂಗಾಲಾಮ್ಲ ವಾಯುವಿನ ಕಂಬಳಿಯ ಲಕ್ಷಣ ಇದು.

ಮಿತ್ರರು ಒಪ್ಪಲಿಲ್ಲ. ಅವರು ಬೋಧಿಸುವುದು ಇತಿಹಾಸ. 1877ರ ಗೋಧಿಯ ಹಡಗುಗಳ ಸಂಗತಿಯನ್ನು ನನಗೆ ಮೊದಲು ತಿಳಿಸಿದವರು ಅವರೇ.