ಮನೆಯ ಗಣಕಯಂತ್ರ, ಮನದ ಗುಟ್ಟು

ಹಿಂದೆ ತುಂಬಿದ ಮನೆಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಟ್ರಂಕು ಇರುತ್ತಿತ್ತು. ಮನೆ ಎಲ್ಲರದಾದರೂ ಒಬ್ಬರ ಟ್ರಂಕಿಗೆ ಮತ್ತೊಬ್ಬರು ಕೈ ಹಾಕುತ್ತಿರಲಿಲ್ಲ. ಇಂದು ಮನೆಮಂದಿಯೆಲ್ಲ ಬಳಸುವ ಗಣಕಯಂತ್ರಕ್ಕೆ ಅಂಥ ಮುಚ್ಚಳವಿಲ್ಲವೆಂಬುದು ನಮಗೆ ಅರಿವಾದದ್ದು ನಮ್ಮದೇ ತಪ್ಪಿನಿಂದ.

ಕಳೆದ ವರ್ಷದ ಒಂದು ಸಂಜೆ ರೈಲಿನ ವೇಳೆ ನೋಡಲೆಂದು ಪಡಸಾಲೆಯ ಗಣಕಯಂತ್ರದ ಮುಂದೆ ಕುಳಿತೆವು. ಒಂದಕ್ಷರವನ್ನೂ ಬರೆಯುವ ಮೊದಲೇ ಹಿಂದಿನ ಹುಡುಕಾಟಗಳು ಸಾಲಾಗಿ ಮೂಡಿದವು: ಎದೆಯ ಗಂಟು, ಅದು ಯಾವ ರೋಗದ ಲಕ್ಷಣ, ಪರೀಕ್ಷೆಗೆ ಖರ್ಚೆಷ್ಟು. ಮನೆಯಲ್ಲಿ ಆ ಯಂತ್ರ ಬಳಸುವ ಹೆಣ್ಣುಮಗಳು ಸೊಸೆಯೊಬ್ಬಳೇ. ಗಾಬರಿಗೊಂಡ ನಾವು ರಾತ್ರಿ ಊಟದ ಹೊತ್ತಿನಲ್ಲಿ, ಎಲ್ಲರೆದುರಿಗೆ, “ಯಾಕವ್ವಾ, ನಮಗೆ ಹೇಳಬಾರದಾಗಿತ್ತೇ?” ಎಂದು ಕೇಳಿಬಿಟ್ಟೆವು. ಆಕೆ ಊಟ ಬಿಟ್ಟೆದ್ದು ಒಳಗೆ ಹೋದಳು. ಗಂಟು ಅಪಾಯದ್ದಲ್ಲವೆಂದು ವೈದ್ಯರು ವಾರದೊಳಗೆ ತಿಳಿಸಿದರು. ಆದರೆ “ಪರೀಕ್ಷೆಯಾದ ಮೇಲೆ ನಾನೇ ಹೇಳುವವಳಿದ್ದೆ, ಮಾವನವರೇ” ಎಂದ ಆಕೆಯ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಹುಡುಕಾಟದ ಪಟ್ಟಿಯೆಂದರೆ ಮನಸ್ಸಿನ ದಿನಚರಿಯೇ ಸರಿ. 2006ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಎ.ಓ.ಎಲ್. ಸಂಸ್ಥೆಯು ಸುಮಾರು 6,50,000 ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಬರಿಯ ಸಂಖ್ಯೆಯಿಟ್ಟು, ಸಂಶೋಧಕರಿಗೆಂದು ಪ್ರಕಟಿಸಿತ್ತು. ಪತ್ರಕರ್ತರು ಆ ಪ್ರಶ್ನೆಗಳ ಜಾಡು ಹಿಡಿದೇ ಒಬ್ಬ ಮಹಿಳೆಯನ್ನು ಗುರುತಿಸಿದರು. ಅಪರಿಚಿತರಿಗೇ ಇದು ಸಾಧ್ಯವಾದರೆ ಮನೆಯವರಿಗೆ ಎಷ್ಟು ಹೊತ್ತಿನ ಕೆಲಸ?

ಓದುಗ ಬಂಧುಗಳು ಕೆಲವು ಸಂಗತಿಗಳನ್ನು ತಿಳಿದಿರಬೇಕು. ನೋಡಿದ ಪುಟಗಳ ಪಟ್ಟಿಯನ್ನು ಬ್ರೌಸರ್ ದಿನಾಂಕ ಸಹಿತ ಬರೆದಿಡುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದನ್ನು ಅಳಿಸುವ ದಾರಿ ತೆರೆಯುತ್ತದೆ. ಆದರೆ ಗೂಗಲ್ ಖಾತೆಯೊಳಗಿದ್ದು ಹುಡುಕಿದ್ದರೆ ಇನ್ನೊಂದು ಪ್ರತಿ ಆ ಖಾತೆಯಲ್ಲಿ ಉಳಿದು, ಅದೇ ಖಾತೆಯಿರುವ ಮೊಬೈಲಿನಲ್ಲೂ ಕಾಣಿಸಬಹುದು; ಅದನ್ನು ‘ಮೈ ಆಕ್ಟಿವಿಟಿ’ ಪುಟದಲ್ಲಿ ಬೇರೆಯಾಗಿ ಅಳಿಸಬೇಕು. ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಹುಡುಕಿದ್ದು, ಆ ಕಿಟಕಿಯನ್ನು ಮುಚ್ಚಿದ ಮೇಲೆ, ಬ್ರೌಸರಿನ ಪಟ್ಟಿಯಲ್ಲಿ ಉಳಿಯದು. ಆದರೆ ಕಚೇರಿಯ ಜಾಲದಿಂದಾಗಲಿ ಅಂತರಜಾಲ ಒದಗಿಸುವವರಿಂದಾಗಲಿ ಅದು ನಮ್ಮನ್ನು ಮರೆಮಾಡದು. ಸೈಬರ್ ಕೆಫೆಗಳಂತೂ ನೋಡಿದ ತಾಣಗಳ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು 2011ರ ನಿಯಮಗಳು ಹೇಳುತ್ತವೆ. ಮನೆಯ ಮಟ್ಟಿಗೆ ಉತ್ತಮ ಉಪಾಯವೆಂದರೆ ಒಂದೇ ಯಂತ್ರದಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರವೇಶ, ಪ್ರತ್ಯೇಕ ಗುಪ್ತಪದ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆದರೆ ನ್ಯಾಯಾಲಯ ನಮ್ಮ ಪಡಸಾಲೆಗೆ ಬಂದು ಕಾವಲು ಕೂಡಲಾರದು. ಅಲ್ಲಿ ಕಾಯಬೇಕಾದದ್ದು ಹಿರಿಯರ ಸಂಯಮ. ಕಣ್ಣಿಗೆ ಬಿದ್ದುದನ್ನೆಲ್ಲ ನಾಲಿಗೆಗೆ ತರಬೇಕೆಂದೇನಿಲ್ಲ. ಕಳವಳವಾದರೆ ಒಬ್ಬರನ್ನೇ ಕಂಡು, “ಏನಾದರೂ ತೊಂದರೆಯಿದ್ದರೆ ನಾವಿದ್ದೇವೆ” ಎಂದರೆ ಸಾಕು. ಉಳಿದದ್ದನ್ನು ಅವರೇ ಹೇಳುತ್ತಾರೆ. ಇಷ್ಟನ್ನು ಕಲಿಯಲು ನಮಗೆ ಸೊಸೆಯ ಕಣ್ಣೀರು ಬೇಕಾಯಿತು.