ಬರೆದವರೇ ಬಲೆಗೆ ಬಿದ್ದಾಗ

ದೇವದುರ್ಗದಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿಯ ಆಸನವೂ ಕೈಯಲ್ಲೊಂದು ಪತ್ತೇದಾರಿ ಕಾದಂಬರಿಯೂ ದೊರೆತವನಿಗೆ ಬೇಸಗೆಯ ಬಿಸಿಲು ತಟ್ಟದು. ತೆಲುಗು ಸೀಮೆಗೆ ಹತ್ತಿಕೊಂಡಿರುವ ಈ ಭಾಗದ ಓದುಗರಿಗೆ ಎರಡು ಭಾಷೆಗಳ ಕೊಲೆಗಾರರೂ ಪರಿಚಿತರು, ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಬಲ್ಲವರು ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನೂ ಬಲ್ಲರು. ಇಂಥ ಪುಸ್ತಕಗಳ ನಾಯಕ ಸಾಮಾನ್ಯವಾಗಿ ಪತ್ತೇದಾರ, ಇಲ್ಲವೆ ಪೊಲೀಸ್ ಅಧಿಕಾರಿ, ತಪ್ಪಿದರೆ ವಕೀಲ. ಆದರೆ ಒಮ್ಮೊಮ್ಮೆ ಕಥೆ ಹೆಣೆಯುವವನೇ ಕಥೆಯೊಳಗೆ ಸಿಲುಕುವುದುಂಟು. ಪಿಸ್ತೂಲು ಇರಬೇಕಾದ ಕೈಯಲ್ಲಿ ಬರಿಯ ಲೇಖನಿಯಿರುತ್ತದೆ. ಆಗ ರಹಸ್ಯದ ಬಣ್ಣವೇ ಬೇರೆ.

ಡೊರೊಥಿ ಸೇಯರ್ಸ್ ಎಂಬ ಆಂಗ್ಲ ಲೇಖಕಿ 1930ರಲ್ಲಿ ಬರೆದ ‘ಸ್ಟ್ರಾಂಗ್ ಪಾಯ್ಸನ್’ ಕಾದಂಬರಿ ತೆರೆದುಕೊಳ್ಳುವುದೇ ನ್ಯಾಯಾಲಯದಲ್ಲಿ. ಕಟಕಟೆಯಲ್ಲಿ ನಿಂತಿರುವವಳು ಹ್ಯಾರಿಯೆಟ್ ವೇನ್, ಪತ್ತೇದಾರಿ ಕಾದಂಬರಿಗಳನ್ನು ಬರೆದು ಜೀವಿಸುವ ಹೆಣ್ಣು. ಅವಳ ಪ್ರಿಯಕರನಾಗಿದ್ದವನು ಪಾಷಾಣದಿಂದ ಸತ್ತಿದ್ದಾನೆ. ಅವಳಾದರೋ, ತನ್ನ ಹೊಸ ಕಾದಂಬರಿಯ ಸಲುವಾಗಿ, ಪಾಷಾಣವನ್ನು ಕೊಳ್ಳುವುದು ಎಷ್ಟು ಸುಲಭವೆಂದು ಪರೀಕ್ಷಿಸಲು ಸುಳ್ಳು ಹೆಸರು ಹೇಳಿ ಅದನ್ನು ಕೊಂಡಿದ್ದಾಳೆ! ಕಲ್ಪನೆಗಾಗಿ ಆಡಿದ ಸುಳ್ಳು ಅವಳ ಕೊರಳಿಗೇ ಉರುಳಾಗಿ ಬರುತ್ತದೆ. ಲಾರ್ಡ್ ಪೀಟರ್ ವಿಮ್ಸಿ ಅವಳನ್ನು ಬಿಡಿಸುತ್ತಾನೆಂಬುದು ಬೇರೆ ಮಾತು. ಆ ಭಯ ಮಾತ್ರ ಓದುಗನನ್ನು ಬಿಡುವುದಿಲ್ಲ.

ಆಡಿದ ಸುಳ್ಳು ಆಡಿದವನನ್ನೇ ಹಿಡಿಯುವ ಈ ಕಥಾಬೀಜ ಇಂಗ್ಲೆಂಡಿನವರ ಸ್ವತ್ತೇನೂ ಅಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಅವರ ಗುರು ವಿಜಯದಾಸರು ಮಾನವಿ ಸೀಮೆಯ ಚೀಕಲಪರವಿಯವರು. ಅದೇ ಸೀಮೆಯ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಿಗೆ, ಕನ್ನಡದಲ್ಲಿ ಪದ ಕಟ್ಟಿ ಹಾಡುವ ದಾಸರೆಂದರೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದರೆ, ಹೊಟ್ಟೆಶೂಲೆಯೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಯಿತು. ಶೂಲೆ ಹಿಡಿದು ಪ್ರಾಣವೇ ಹೋಗುವ ಗತಿ ಬಂದಾಗ ಗೋಪಾಲದಾಸರು ಗುರುವಿನ ಮಾತಿನಂತೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ದಾನ ಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ತಾವು ಹಿಂದೆ ಹಳಿದ ಕನ್ನಡದಲ್ಲಿಯೇ ‘ಹರಿಕಥಾಮೃತಸಾರ’ವನ್ನು ಬರೆದರು. ಇದನ್ನು ಪತ್ತೇದಾರಿ ಎಂದರೆ ಭಕ್ತರು ಮುನಿಯಬಹುದು, ಮುನಿಯುವುದು ನ್ಯಾಯವೂ ಹೌದು. ಆದರೆ ಸುಳ್ಳು, ಶಿಕ್ಷೆ, ಸಮೀಪಿಸುವ ಸಾವು, ಕಡೆಯ ಗಳಿಗೆಯ ಬಿಡುಗಡೆ ಎಲ್ಲವೂ ಇದರಲ್ಲಿವೆ. ನಡುವೆ ನಿಂತವನು ಇನ್ನೂ ಲೇಖನಿ ಹಿಡಿಯದ ಒಬ್ಬ ಕವಿ.

ಅಮೆರಿಕದ ಸ್ಟೀಫನ್ ಕಿಂಗ್ ಈ ಬಲೆಯನ್ನು ಮತ್ತೊಂದು ಬಗೆಯಲ್ಲಿ ನೇಯ್ದ. 1987ರ ಅವನ ‘ಮಿಸರಿ’ಯಲ್ಲಿ ಪಾಲ್ ಶೆಲ್ಡನ್ ಎಂಬ ಜನಪ್ರಿಯ ಕಾದಂಬರಿಕಾರ ಹಿಮಪಾತದಲ್ಲಿ ಕಾರು ಅಪಘಾತಕ್ಕೀಡಾಗುತ್ತಾನೆ. ಅವನನ್ನು ಮನೆಗೆ ಒಯ್ದು ಉಪಚರಿಸುವವಳು ಹಿಂದೊಮ್ಮೆ ದಾದಿಯಾಗಿದ್ದ ಆನಿ ವಿಲ್ಕ್ಸ್. ಅವಳು ಅವನ ಪುಸ್ತಕಗಳ ಪರಮ ಅಭಿಮಾನಿ! ತನ್ನ ಪ್ರೀತಿಯ ಕಥಾನಾಯಕಿಯನ್ನು ಅವನು ಕೊಂದುಬಿಟ್ಟನೆಂದು ತಿಳಿದೊಡನೆ ಉಪಚಾರ ಸೆರೆಯಾಗುತ್ತದೆ. ಸತ್ತವಳನ್ನು ಬದುಕಿಸಿ ಹೊಸ ಕಾದಂಬರಿ ಬರೆದರೆ ಮಾತ್ರ ಅವನಿಗೆ ಉಳಿವು. ಧಾರಾವಾಹಿಯ ನಾಯಕಿಗೆ ಜ್ವರ ಬಂದರೆ ಸಂಪಾದಕರಿಗೆ ಕಾಗದ ಬರೆಯುವ ನಮ್ಮ ಗೃಹಿಣಿಯರು ಸಾಧುಗಳು. ಆದರೂ ಯಾವ ಧಾರಾವಾಹಿಕಾರನೂ ಈ ಪುಸ್ತಕವನ್ನು ರಾತ್ರಿ ಒಬ್ಬನೇ ಕುಳಿತು ಓದದಿರುವುದು ಕ್ಷೇಮ.

ನಗೆಯ ದಾರಿ ಹಿಡಿದವರೂ ಇದ್ದಾರೆ. ಸತ್ಯಜಿತ್ ರಾಯ್ 1971ರ ‘ಸೋನಾರ್ ಕೆಲ್ಲಾ’ದಲ್ಲಿ ಜಟಾಯು ಎಂಬ ಕಾವ್ಯನಾಮದ ರೋಚಕ ಕಾದಂಬರಿಕಾರನನ್ನು ತಂದು ಫೆಲೂದಾನ ಜೊತೆಗೆ ಕೂರಿಸಿದರು, ಅವನ ಪುಸ್ತಕಗಳ ತಪ್ಪುಗಳನ್ನು ಪತ್ತೇದಾರನೇ ತಿದ್ದುತ್ತಾನೆ. ಅಗಾಥಾ ಕ್ರಿಸ್ಟಿಯ ಅರಿಯಾಡ್ನೆ ಆಲಿವರ್, ತಾನೇ ಸೃಷ್ಟಿಸಿದ ಫಿನ್ಲೆಂಡಿನ ಪತ್ತೇದಾರನ ಕಾಟದಿಂದ ಬೇಸತ್ತ ಲೇಖಕಿ. ಆದರೆ ಕ್ರಿಸ್ಟಿಯ ಬದುಕಿನ ರಹಸ್ಯ ಅವಳ ಪುಸ್ತಕಗಳದಕ್ಕಿಂತ ಗಾಢವಾದುದು. 1926ರ ಡಿಸೆಂಬರಿನಲ್ಲಿ ಅವಳು 11 ದಿನ ಕಾಣೆಯಾದಳು. ಸಿಕ್ಕಿದ್ದು ಹ್ಯಾರೊಗೇಟಿನ ಹೋಟೆಲೊಂದರಲ್ಲಿ, ಗಂಡನ ಪ್ರೇಯಸಿಯ ಕುಲನಾಮವನ್ನು ತನ್ನದೆಂದು ಬರೆಯಿಸಿಕೊಂಡು. ಆ ದಿನಗಳ ವಿಚಾರವಾಗಿ ತನ್ನ ಆತ್ಮಕಥೆಯಲ್ಲಿಯೂ ಅವಳು ಬಾಯಿ ಬಿಡಲಿಲ್ಲ.

ಕನ್ನಡದ ಮಾತಿಗೆ ಬಂದರೆ, ಚಿಕ್ಕಮಗಳೂರಿನ ನರಸಿಂಹಯ್ಯನವರು ನಾಲ್ಕನೆಯ ತರಗತಿಯವರೆಗೆ ಓದಿದವರು. 500ಕ್ಕೂ ಹೆಚ್ಚು ಕಾದಂಬರಿ ಬರೆದು 2011ರಲ್ಲಿ ತೀರಿಕೊಂಡರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂದು ಅವರು ಎಷ್ಟೋ ಪತ್ತೇದಾರರನ್ನು ಸೃಷ್ಟಿಸಿದರು. ಬಾಡಿಗೆ ಪುಸ್ತಕದಂಗಡಿಗಳಿಂದ ಅವರ ಕಾದಂಬರಿಗಳನ್ನು ತಂದೋದಿ ಓದಿನ ರುಚಿ ಹತ್ತಿಸಿಕೊಂಡವರು ಅಸಂಖ್ಯರು. ಸಾಹಿತ್ಯ ಚರಿತ್ರೆಗಳು ಮಾತ್ರ ಅವರನ್ನು ಅಡಿಟಿಪ್ಪಣಿಯ ಆಚೆಗೆ ಬಿಟ್ಟುಕೊಂಡದ್ದು ಅಪರೂಪ. ಎಂ.ಎ. ತರಗತಿಗಳಲ್ಲಿ ಪಾಠ ಹೇಳುವವರು ಈ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ಪರೀಕ್ಷೆಗೆ ಓದಿಸುವವರು ಬೇರೆ, ಓದಲು ಕಲಿಸುವವರು ಬೇರೆ.

ಇನ್ನು ಲೇಖಕನೇ ಶೋಧಕನಾಗುವ ಬಗೆಯಲ್ಲಿ ಕನ್ನಡದ ಶ್ರೇಷ್ಠ ಕೃತಿಯಾವುದೆಂದರೆ, ಅದನ್ನು ಬರೆದವರು ಪತ್ತೇದಾರಿ ಬರೆಯಲು ಹೊರಟವರೇ ಅಲ್ಲ. ಶಿವರಾಮ ಕಾರಂತರ ‘ಅಳಿದ ಮೇಲೆ’ ಪ್ರಕಟವಾದದ್ದು 1960ರಲ್ಲಿ. ಮುಂಬಯಿಯಲ್ಲಿ ಒಂಟಿಯಾಗಿ ಬಾಳಿದ ಯಶವಂತರಾಯರೆಂಬ ಪರಿಚಿತರು ತೀರಿಕೊಳ್ಳುತ್ತಾರೆ. ಕಥೆ ಹೇಳುವ ಲೇಖಕನ ಕೈಗೆ ಬರುವುದು ಅವರ ಬರೆಹ, ಅವರು ಬಿಟ್ಟುಹೋದ ಹಣ, ಮತ್ತು ತಿಂಗಳು ತಿಂಗಳು ಅವರು ಹಣ ಕಳುಹಿಸುತ್ತಿದ್ದ ಕೆಲವರ ಹೆಸರು. ಯಾರಿವರು? ಇವರಿಗೂ ಅವರಿಗೂ ಏನು ಸಂಬಂಧ? ಲೇಖಕ ಹುಡುಕಿಕೊಂಡು ಹೊರಡುತ್ತಾನೆ. ಸಾಕಿದ ಮುದುಕಿ ಪಾರ್ವತಮ್ಮನ ಬಾಯಲ್ಲಿ ಬರುವ ಯಶವಂತನಿಗೂ ಬಂಧುಗಳ ಬಾಯಲ್ಲಿ ಬರುವ ಯಶವಂತನಿಗೂ ತಾಳೆಯೇ ಆಗದು. ಒಬ್ಬರಿಗೆ ಕೈಬಿಟ್ಟು ಹೋದವನು, ಇನ್ನೊಬ್ಬರಿಗೆ ದೇವರಂಥವನು.

ಕೊಲೆಯಿಲ್ಲ, ರಕ್ತವಿಲ್ಲ. ಆದರೂ ಪುಟ ಮಗುಚುವ ಕೈ ನಿಲ್ಲದು. ಸತ್ತವನ ಕಾಗದ ಪತ್ರಗಳನ್ನು ಓದುವ ಹಕ್ಕು ಲೇಖಕನಿಗೆ ಕೊಟ್ಟವರಾರು ಎಂಬ ಅಳುಕು ಬೆನ್ನಿಗೇ ಬರುತ್ತದೆ. ತಾನಾಗಿ ದೂರ ಸರಿದು ಬದುಕಿದ ಮನುಷ್ಯನನ್ನು, ಅವನು ಮರುನುಡಿಯಲಾರದ ಹೊತ್ತಿನಲ್ಲಿ, ಮತ್ತೆ ಜನರ ನಡುವೆ ತಂದು ನಿಲ್ಲಿಸಬಹುದೆ? ವಿಮ್ಸಿಗೆ ಈ ಚಿಂತೆಯಿಲ್ಲ, ಪುರುಷೋತ್ತಮನಿಗೂ ಇಲ್ಲ. ಅವರಿಗೆ ಅಪರಾಧಿ ಸಿಕ್ಕರೆ ಕೆಲಸ ಮುಗಿಯಿತು.

ಪತ್ತೇದಾರಿಯ ಕಪಾಟಿನಲ್ಲಿ ಯಾವ ಗ್ರಂಥಪಾಲನೂ ಇದನ್ನು ಇಡಲಾರ. ದೇವದುರ್ಗದ ಬಸ್ಸಿನಲ್ಲಿ ಇದನ್ನು ಹಿಡಿದು ಕುಳಿತವನು ಗಬ್ಬೂರು ದಾಟುವಷ್ಟರಲ್ಲಿ ಯಶವಂತರಾಯರು ತೀರಿಕೊಂಡಿರುತ್ತಾರೆ; ಕಲ್ಮಲೆ ಬರುವ ವೇಳೆಗೆ ಹುಡುಕಾಟ ಹೊರಟಿರುತ್ತದೆ; ರಾಯಚೂರಿನ ನಿಲ್ದಾಣದಲ್ಲಿ ಇಳಿಯುವಾಗ ಬೆರಳು ಇನ್ನೂ ಪುಟಗಳ ನಡುವೆಯೇ ಇರುತ್ತದೆ.