ಮೊದಲ ಜೋಡಿಯ ಕುಸ್ತಿ

ಬೆಳೆದು ನಿಂತ ಪೈರನ್ನು ಕಂಡು ಹಿಗ್ಗುವುದಕ್ಕೆ ವಿಶೇಷವಾದ ತಿಳಿವಳಿಕೆಯೇನೂ ಬೇಕಾಗಿಲ್ಲ. ತೆನೆ ತುಂಬಿದ ಬಿಳಿಜೋಳದ ಹೊಲದ ಬದುವಿನಲ್ಲಿ ದಾರಿಹೋಕನೂ ಒಂದು ಕ್ಷಣ ನಿಂತು, ತಲೆದೂಗಿ, ಮುಂದೆ ಸಾಗುತ್ತಾನೆ. ಆದರೆ ಬಿತ್ತಿದ ಕೆಲವೇ ದಿನಗಳಲ್ಲಿ ಎರೆಯ ಮಣ್ಣನ್ನು ಸೀಳಿಕೊಂಡು ಮೇಲೆ ಬಂದ ಎಳೆಯ ಸಸಿಯನ್ನು ಬಗ್ಗಿ ನೋಡುವವನು ಒಕ್ಕಲಿಗನೊಬ್ಬನೇ. ಹೊಲಕ್ಕೆ ನಿಜವಾಗಿ ಬೇಕಾದವನೂ ಅವನೇ. ಮನುಷ್ಯರ ಬೆಳವಣಿಗೆಗೂ ಈ ಮಾತು ಸಲ್ಲುತ್ತದೆ. ಗೆದ್ದವರನ್ನು ಮೆರೆಸುವ ಜನ ಎಲ್ಲೆಡೆಯೂ ಇದ್ದಾರೆ. ಗೆಲ್ಲುವುದನ್ನು ಇನ್ನೂ ಕಲಿಯುತ್ತಿರುವವರನ್ನು ವರ್ಷವಿಡೀ ಗಮನಿಸುವ ಜನ ವಿರಳ. ನಮ್ಮ ಕಡೆಯ ಕುಸ್ತಿಯ ಕಣದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು ಮಲಪ್ರಭೆಯ ಸೀಮೆಯವು. ರಾಣಿ ಚೆನ್ನಮ್ಮ ಆಳಿದ, ಸಂಗೊಳ್ಳಿ ರಾಯಣ್ಣ ಹೋರಾಡಿದ ಈ ನೆಲದಲ್ಲಿ ಮೈಕಟ್ಟಿಗೂ ಎದೆಗಾರಿಕೆಗೂ ಹಿಂದಿನಿಂದ ಮನ್ನಣೆಯುಂಟು. ಸುಗ್ಗಿ ಮುಗಿದು ಕಾಳು ಮನೆ ಸೇರಿದೊಡನೆ ಜಾತ್ರೆಗಳು ಆರಂಭವಾಗುತ್ತವೆ. ಜಾತ್ರೆಯೊಡನೆ ಕುಸ್ತಿಯೂ ಬರುತ್ತದೆ. ಹಲಗೆಯ ಸದ್ದು ಕೇಳಿದರೆ ಸುತ್ತಣ ಹಳ್ಳಿಗಳ ಜನ ಕಣದ ಕಡೆಗೆ ಹೊರಡುತ್ತಾರೆ. ಅಕ್ಟೋಬರ್ ತಿಂಗಳ ಕಿತ್ತೂರು ಉತ್ಸವದಲ್ಲಿಯೂ ಕುಸ್ತಿಗೆ ಸ್ಥಾನವಿದೆ.

ಜಂಗೀ ಕುಸ್ತಿಗೆ ಒಂದು ಕ್ರಮವಿದೆ. ಎಲ್ಲಕ್ಕಿಂತ ಮೊದಲು ಕಣಕ್ಕಿಳಿಯುವವರು ಹತ್ತು ಹನ್ನೆರಡು ವರ್ಷದ ಹುಡುಗರು. ಬಳಿಕ ವಯಸ್ಸಿನಲ್ಲಿ, ತೂಕದಲ್ಲಿ, ಹೆಸರಿನಲ್ಲಿ ದೊಡ್ಡವರಾದ ಜೋಡಿಗಳು ಒಂದೊಂದಾಗಿ ಬರುತ್ತವೆ. ಹೊತ್ತು ಮುಳುಗುವ ವೇಳೆಗೆ ಮೊದಲ ನಂಬರಿನ ಕುಸ್ತಿ ನಡೆಯುತ್ತದೆ. ಆಗ ಕಣದ ಸುತ್ತ ಕಾಲಿಡಲು ತೆರಪಿರುವುದಿಲ್ಲ. ಮಾಳಿಗೆಗಳ ಮೇಲೆ, ಮರದ ಟೊಂಗೆಗಳ ಮೇಲೆ ಕೂಡ ಜನ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಮೊದಲ ಜೋಡಿ ಕೈ ಕೂಡಿಸುವಾಗ ಅಲ್ಲಿರುವವರು ಎಷ್ಟು ಜನ? ಹುಡುಗರ ತಂದೆ ಅಥವಾ ಮಾವಂದಿರು, ಗರಡಿಯ ವಸ್ತಾದರು, ಕಣಕ್ಕೆ ನೀರು ಚಿಮುಕಿಸುವವರು, ಮತ್ತು ನಾಲ್ಕಾರು ಹಿರಿಯರು. ಇಷ್ಟೇ. ಸಂಜೆಯ ಕುಸ್ತಿಯನ್ನು ಕಾಣಲು ನೂಕುನುಗ್ಗಲಾಗುವ ಊರು ಮಧ್ಯಾಹ್ನದ ಕುಸ್ತಿಗೆ ಬೆನ್ನು ತಿರುಗಿಸಿ ಮಲಗಿರುತ್ತದೆ. ಸಂಜೆಯ ಪೈಲವಾನರೆಲ್ಲರೂ ಒಂದು ಕಾಲಕ್ಕೆ ಮಧ್ಯಾಹ್ನದ ಹುಡುಗರೇ ಆಗಿದ್ದರೆಂಬುದು ನಮಗೆ ಮರೆತುಹೋಗುತ್ತದೆ.

ಆ ಹುಡುಗರು ಕಣಕ್ಕೆ ಬರುವ ಮುನ್ನ ನಡೆಸಿದ ಸಾಧನೆ ಸಾಮಾನ್ಯವಾದುದಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಗರಡಿಮನೆಗೆ ಹೋಗಬೇಕು. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣನ್ನು ಸಲಿಕೆಯಿಂದ ಅಗೆದು ಸಡಿಲಿಸಬೇಕು. ಅದೂ ಒಂದು ವ್ಯಾಯಾಮವೇ. ದಂಡ, ಬೈಠಕುಗಳನ್ನು ನೂರರ ಲೆಕ್ಕದಲ್ಲಿ ಹೊಡೆಯಬೇಕು. ಅನಂತರ ವಸ್ತಾದರ ಕಣ್ಣೆದುರಿಗೆ ಪಟ್ಟುಗಳ ಅಭ್ಯಾಸ. ಏಕಲಂಗಿ, ಢಾಕ, ಘಿಸ್ಸಾ, ಕಲಾಜಂಗ ಮುಂತಾದ ಪಟ್ಟುಗಳ ಹೆಸರನ್ನು ಕಲಿಯಲು ಒಂದು ದಿನ ಸಾಕು. ಆದರೆ ಎದುರಾಳಿಯ ಹೆಜ್ಜೆ ಅಲುಗುವ ಗಳಿಗೆಯನ್ನು ಅರಿತು ಪಟ್ಟು ಹಾಕಲು ವರ್ಷಗಳೇ ಬೇಕು. ಇಷ್ಟೆಲ್ಲ ಮುಗಿಸಿ, ಮೈಯ ಮಣ್ಣು ತೊಳೆದು, ಆ ಹುಡುಗ ಗಂಟೆ ಬಾರಿಸುವಷ್ಟರಲ್ಲಿ ಶಾಲೆಯ ಬೆಂಚಿನ ಮೇಲೆ ಕುಳಿತಿರಬೇಕು.

ಮಧ್ಯಾಹ್ನವೇ ಬಂದು ಕುಳಿತುಕೊಳ್ಳುವ ಆ ನಾಲ್ಕಾರು ಹಿರಿಯರ ವಿಷಯವನ್ನು ವಿಶೇಷವಾಗಿ ಹೇಳಬೇಕು. ಅಂಥವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಯಾವ ಹುಡುಗ ಯಾವ ಗರಡಿಯವನು, ಹೋದ ಜಾತ್ರೆಯಲ್ಲಿ ಯಾರೊಡನೆ ಹಿಡಿದ, ಯಾವ ಪಟ್ಟಿಗೆ ಸಿಕ್ಕಿ ಚಿತ್ತಾದ, ಈ ವರ್ಷ ಎಷ್ಟು ಮೈ ಕೂಡಿಕೊಂಡಿದ್ದಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬರೆದಿಟ್ಟ ಪುಸ್ತಕವಿಲ್ಲ, ಮನಸ್ಸೇ ಅವರ ದಫ್ತರ. ಸೋತು ತಲೆ ತಗ್ಗಿಸಿ ಹೊರಗೆ ಬಂದ ಹುಡುಗನನ್ನು ಅಂಥವರೊಬ್ಬರು ಹತ್ತಿರ ಕರೆದು, “ತಮ್ಮಾ, ಹೋದ ಜಾತ್ರ್ಯಾಗ ಎಡಗಾಲ ಕೊಟ್ಟು ಬಿದ್ದಿದ್ದಿ. ಇವತ್ತ ಸೋತರೂ ಕಾಲ ಕೊಡಲಿಲ್ಲ ನೋಡು. ಇಷ್ಟ ಸಾಕು, ನಡಿ” ಎಂದು ಬೆನ್ನು ಚಪ್ಪರಿಸುತ್ತಾರೆ. ಆ ಮಾತಿನಲ್ಲಿ ಹೊಗಳಿಕೆಯಿಲ್ಲ, ಹುಸಿಯಾದ ಸಮಾಧಾನವೂ ಇಲ್ಲ. ಹುಡುಗ ಎಲ್ಲಿದ್ದ, ಎಲ್ಲಿಗೆ ಬಂದ ಎಂಬುದನ್ನು ಒಬ್ಬರಾದರೂ ಕಂಡಿದ್ದಾರೆಂಬ ಭರವಸೆಯಿದೆ. ಬೆಳೆಯುವ ಜೀವಕ್ಕೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲ.

ಹೀಗೆ ಎಳೆಯರ ಬೆಳವಣಿಗೆಯನ್ನು ಹಿಂಬಾಲಿಸುವುದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡ ದೇಶಗಳಿವೆ. ಅಮೆರಿಕೆಯ ಜನಪ್ರಿಯ ಆಟವಾದ ಬೇಸ್‌ಬಾಲಿನಲ್ಲಿ 30 ದೊಡ್ಡ ತಂಡಗಳಿವೆ. 2021ರಲ್ಲಿ ಆದ ಹೊಸ ಏರ್ಪಾಟಿನಂತೆ ಒಂದೊಂದು ದೊಡ್ಡ ತಂಡಕ್ಕೂ ಮೆಟ್ಟಿಲುಮೆಟ್ಟಿಲಾಗಿ ನಾಲ್ಕು ಕಿರಿಯ ತಂಡಗಳು, ಒಟ್ಟು 120. ಇವುಗಳಲ್ಲಿ ಹಲವು ಸಣ್ಣ ಪಟ್ಟಣಗಳಲ್ಲಿವೆ. ಅಭಿಮಾನಿಗಳು ಋತುವಿನುದ್ದಕ್ಕೂ ಆ ತರುಣರ ಆಟವನ್ನು ಗಮನಿಸುತ್ತಾ, ಯಾರು ಒಂದು ಮೆಟ್ಟಿಲು ಏರಿದರು, ಯಾರು ಗಾಯಗೊಂಡರು, ಯಾರು ಹಿಂದೆ ಉಳಿದರು ಎಂದು ಲೆಕ್ಕವಿಡುತ್ತಾರೆ. 1920ರ ದಶಕದಲ್ಲಿ ಬ್ರಾಂಚ್ ರಿಕಿ ಎಂಬಾತ ಈ ವ್ಯವಸ್ಥೆಗೆ ರೂಪ ಕೊಟ್ಟಾಗ ಜನ ಅದನ್ನು ಕರೆದ ಹೆಸರಿನಲ್ಲಿ ಹೊಲವೆಂಬ ಮಾತೇ ಇತ್ತು. 1947ರಲ್ಲಿ ಬ್ರೂಕ್ಲಿನ್ ತಂಡವನ್ನು ಸೇರಿ ವರ್ಣಭೇದದ ಗೋಡೆಯನ್ನು ಒಡೆದ ಜಾಕಿ ರಾಬಿನ್‌ಸನ್ ಕೂಡ ಅದರ ಹಿಂದಿನ ವರ್ಷ ಮಾಂಟ್ರಿಯಲ್ ನಗರದ ಕಿರಿಯ ತಂಡದಲ್ಲಿ ಆಡಿದವರೇ. ಅವರನ್ನು 1946ರಲ್ಲಿಯೇ ಗುರುತಿಸಿ ಆದರಿಸಿದ ಮಾಂಟ್ರಿಯಲ್ಲಿನ ಪ್ರೇಕ್ಷಕರು ಧನ್ಯರು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವು ಮೇಲಿಂದ ಮೇಲೆ ಬಳಸುತ್ತೇವೆ. ಗಾದೆ ನಿಜ. ಆದರೆ ಮೊಳಕೆಯನ್ನು ನೋಡಿ ತೀರ್ಪು ಕೊಟ್ಟು ಎದ್ದು ಹೋಗಿರಿ ಎಂದು ಅದರ ಅರ್ಥವಲ್ಲ. ಚೆನ್ನಾಗಿ ಮೊಳೆತದ್ದು ಹುಳ ಬಿದ್ದು ಹೋಗಬಹುದು. ಬಡಕಲಾಗಿ ಕಂಡದ್ದು ಒಂದು ಹದವಾದ ಮಳೆಗೆ ಚೇತರಿಸಿಕೊಳ್ಳಬಹುದು. ಆದ್ದರಿಂದ ಒಂದು ಕುಸ್ತಿಯನ್ನು ನೋಡಿ ಹುಡುಗನ ಭವಿಷ್ಯವನ್ನು ಹೇಳುವವನು ದುಡುಕಿನವನು.

ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವರ ಚರಿತ್ರೆ ಇದಕ್ಕೆ ಸಾಕ್ಷಿ. ಸಾತಾರಾ ಜಿಲ್ಲೆಯ ಗೋಳೇಶ್ವರ ಎಂಬ ಹಳ್ಳಿಯ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಗಳಿಸಿದ್ದು ಆರನೆಯ ಸ್ಥಾನ. ಮಣ್ಣಿನಲ್ಲಿ ಕಲಿತವರಿಗೆ ಅಲ್ಲಿಯ ಮ್ಯಾಟ್ ಹೊಸದು, ನಿಯಮಗಳೂ ಹೊಸವು. ಅಷ್ಟಕ್ಕೇ ಅವರನ್ನು ಮರೆತಿದ್ದರೆ? ಹಾಗಾಗಲಿಲ್ಲ. ಮುಂದಿನ ಒಲಿಂಪಿಕ್ಸ್‌ಗೆ ಹೋಗಲು ಹಣವಿಲ್ಲದಾಗ ಊರವರು ಕೈಲಾದಷ್ಟು ಕೂಡಿಸಿಕೊಟ್ಟರು. ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆಯನ್ನೇ ಒತ್ತೆಯಿಟ್ಟು ನೆರವಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಜಾಧವರು ಕಂಚಿನ ಪದಕ ಗೆದ್ದರು. ಊರಿಗೆ ಮರಳಿದಾಗ ಎತ್ತಿನ ಗಾಡಿಗಳ ಸಾಲುಸಾಲೇ ಅವರನ್ನು ಎದುರುಗೊಂಡಿತು. ಆ ಮೆರವಣಿಗೆ ಅಂದವಾದದ್ದೇ; ಆದರೆ ಪದಕಕ್ಕೆ ಕಾರಣವಾದದ್ದು, ಸೋತು ಬಂದವನ ಮೇಲೆ ನಂಬಿಕೆಯಿಟ್ಟ ಆ ನಾಲ್ಕು ವರ್ಷಗಳು.

ಎಳೆಯರನ್ನು ಇಷ್ಟು ಗಮನಿಸಿದರೆ ಅವರಿಗೆ ಅಹಂಕಾರ ಬಂದು ಕೆಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡು ಕುಸ್ತಿ ಗೆದ್ದ ಹುಡುಗನನ್ನು ಹೆಗಲ ಮೇಲೆ ಹೊತ್ತು ತಿರುಗಿ, ಅವನ ಚಿತ್ರವನ್ನು ದಾರಿಗಳಲ್ಲಿ ಕಟ್ಟಿ, ನಾಳೆಯೇ ಕೇಸರಿಯಾಗುತ್ತಾನೆಂದು ಸಾರುವವರುಂಟು. ಇನ್ನು ಕೆಲವರು ಜನರನ್ನು ಸೇರಿಸುವ ಆಸೆಯಿಂದ ಅವನಿಗಿಂತ ಹತ್ತು ಕಿಲೋ ಹೆಚ್ಚಿನ ತೂಕದವನೊಡನೆ ಜೋಡಿ ಕಟ್ಟುತ್ತಾರೆ. ಬಹುಮಾನದ ಹಣದ ಆಸೆಗೆ ಶಾಲೆ ಬಿಡಿಸುವ ಮನೆಯವರೂ ಇಲ್ಲದಿಲ್ಲ. ಇದು ಗಮನಿಸುವುದಲ್ಲ, ಅವಸರಪಡುವುದು. ಹೊಗಳಿಕೆ ಇಂದಿನ ಗೆಲವನ್ನು ಮಾತ್ರ ನೋಡುತ್ತದೆ. ಗಮನ ನಿನ್ನೆಯಿಂದ ಇಂದಿನವರೆಗಿನ ದಾರಿಯನ್ನು ನೋಡುತ್ತದೆ. ಮೊದಲನೆಯದರಿಂದ ಮಕ್ಕಳು ಕೆಡುತ್ತಾರೆ; ಎರಡನೆಯದರಿಂದ ಕೆಟ್ಟವರನ್ನು ನಾನು ಕಂಡಿಲ್ಲ.

ಇಂದಿನ ಹುಡುಗರ ಮುಂದೆ ಜಾತ್ರೆಯ ಕಣದ ಜೊತೆಗೆ ಮತ್ತೊಂದು ಏಣಿಯೂ ಇದೆ. ಶಾಲೆಗಳ ಕ್ರೀಡಾಕೂಟ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಏರುತ್ತದೆ. 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಯಸ್ಸಿನ ಮೇಲೂ, ಕಿಲೋಗಳ ಲೆಕ್ಕದಲ್ಲಿ ತೂಕದ ಮೇಲೂ ವಿಂಗಡಿಸಿ ಇಲ್ಲಿ ಕುಸ್ತಿ ನಡೆಯುತ್ತದೆ. ಮಣ್ಣಿನ ನಿಕಾಲಿ ಕುಸ್ತಿಯಲ್ಲಿ ಚಿತ್ತಾಗುವವರೆಗೆ ಹೋರಾಟ. ಮ್ಯಾಟಿನ ಮೇಲೆ ಅಂಕಗಳೂ ಉಂಟು, ಗಡಿಯಾರವೂ ಉಂಟು. ಮಣ್ಣಿನಲ್ಲಿ ಹುಲಿಯಾದವನು ಮ್ಯಾಟಿನ ಮೇಲೆ ಮೊದಲ ವರ್ಷ ಮುಗ್ಗರಿಸುವುದು ಸಹಜ. ಆಗ ಅವನ ಬೆನ್ನಿಗೆ ನಿಲ್ಲುವವರು ಬೇಕು.

ಈ ಏಣಿಯನ್ನು ಹೆಣ್ಣುಮಕ್ಕಳೂ ಏರುತ್ತಿದ್ದಾರೆಂಬುದು ಸಂತೋಷದ ಸಂಗತಿ. ಬೆಳಗಾವಿ ತಾಲೂಕಿನ ತುರಮುರಿ ಗ್ರಾಮದ ಮಲಪ್ರಭಾ ಜಾಧವ ಜೂಡೋ ಕಲಿತು, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯ 52 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಪಡೆದರು. ನಮ್ಮ ನಾಲ್ಕೂ ತಾಲೂಕುಗಳಿಗೆ ನೀರುಣಿಸುವ ಹೊಳೆಯ ಹೆಸರನ್ನು ಹೊತ್ತ ಆ ತರುಣಿಯನ್ನು ಪದಕ ಬಂದ ಮೇಲೆ ಎಲ್ಲರೂ ಬಲ್ಲರು. ಮುಂದಿನ ಮಲಪ್ರಭೆಯರು ಇಂದು ಯಾವ ಹಳ್ಳಿಯ ಶಾಲೆಯಲ್ಲಿದ್ದಾರೆಂಬುದನ್ನು ಬಲ್ಲವರೆಷ್ಟು ಮಂದಿ?

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮೊದಲ ಜೋಡಿಯಲ್ಲಿ ಹಿಡಿದವರೆಲ್ಲರೂ ಕೊನೆಯ ಜೋಡಿಯನ್ನು ತಲುಪುವುದಿಲ್ಲ. ಅಮೆರಿಕೆಯ ಆ ಕಿರಿಯ ತಂಡಗಳಲ್ಲಿ ಆಡುವ ಬಹುಪಾಲು ತರುಣರು ದೊಡ್ಡ ತಂಡದ ಅಂಗಳವನ್ನು ತುಳಿಯುವುದೇ ಇಲ್ಲ. ನಮ್ಮ ಗರಡಿಗಳಲ್ಲಿಯೂ ಅಷ್ಟೇ. ಒಬ್ಬನ ಮೊಣಕಾಲು ಉಳುಕುತ್ತದೆ. ಒಬ್ಬನ ತಂದೆ ತೀರಿಹೋಗಿ ಮನೆಯ ನೊಗ ಹೆಗಲಿಗೆ ಬರುತ್ತದೆ. ಹಾಲು, ಬಾದಾಮಿ, ತುಪ್ಪದ ಖುರಾಕಿಗೆ ಇನ್ನೊಬ್ಬನ ಮನೆಯಲ್ಲಿ ದುಡ್ಡಿರುವುದಿಲ್ಲ. ಹಾಗಾದರೆ ಅವರು ಕಳೆದ ವರ್ಷಗಳು ವ್ಯರ್ಥವೇ? ಅಲ್ಲ. ಅವರಲ್ಲಿ ಕೆಲವರು ವಸ್ತಾದರಾಗುತ್ತಾರೆ, ಕೆಲವರು ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗುತ್ತಾರೆ, ಬಹಳ ಜನ ಒಕ್ಕಲುತನಕ್ಕೆ ಮರಳುತ್ತಾರೆ. ಬಿದ್ದಾಗ ಏಳುವುದನ್ನೂ, ಗೆದ್ದಾಗ ಬಿದ್ದವನ ಕೈ ಹಿಡಿದೆತ್ತುವುದನ್ನೂ ಕಣದಲ್ಲಿ ಕಲಿತವರು ಬದುಕಿನಲ್ಲಿ ಅದನ್ನು ಮರೆಯಲಾರರು. ಆದರೆ ಈ ಮಾತು ನಿಜವಾಗಬೇಕಾದರೆ ಅವರ ಓದು ನಡುವೆ ನಿಂತಿರಬಾರದು. ಊರು ಅವರನ್ನು ಸೋತವರೆಂದು ಮೂಲೆಗೆ ತಳ್ಳಿರಬಾರದು. ಏರಿದವನನ್ನು ಹೇಗೆ ಕಂಡಿತೋ, ಅರ್ಧದಲ್ಲಿ ಇಳಿದವನನ್ನೂ ಹಾಗೆಯೇ ಕಾಣುವ ಊರು ಒಳ್ಳೆಯ ಊರು.

ಇದಕ್ಕೆ ಹಣವೇ ಬೇಕೆಂದೇನಿಲ್ಲ. ನಿಮ್ಮ ತರಗತಿಯಲ್ಲಿಯೇ ಬೆಳಗಿನ ತಾಲೀಮು ಮುಗಿಸಿ ಬಂದು ಕುಳಿತ ಗೆಳೆಯನೋ ಗೆಳತಿಯೋ ಇರಬಹುದು. ಕುಸ್ತಿಯಾಗದಿದ್ದರೆ ಕೊಕ್ಕೊ, ಕಬಡ್ಡಿ, ಓಟ. ಆಟವಾಗದಿದ್ದರೆ ಹಾಡು, ಚಿತ್ರ, ಗಣಿತ. ಅವರು ಹೋದ ತಿಂಗಳು ಎಲ್ಲಿದ್ದರು, ಈ ತಿಂಗಳು ಎಲ್ಲಿಗೆ ಬಂದರು ಎಂಬುದನ್ನು ನೋಡಲು ಕಣ್ಣೂ ತಾಳ್ಮೆಯೂ ಇದ್ದರೆ ಸಾಕು. ಮುಂದಿನ ಜಾತ್ರೆಯಲ್ಲಿ ಮೊದಲ ನಂಬರಿನ ಕುಸ್ತಿಯನ್ನು ಅವಶ್ಯವಾಗಿ ನೋಡಿರಿ. ಆದರೆ ಸಂಜೆಗಾಗಿ ಕಾಯದೆ ಮಧ್ಯಾಹ್ನವೇ ಹೋಗಿ ಕಣದ ಬದಿಯಲ್ಲಿ ಜಾಗ ಹಿಡಿಯಿರಿ.